ಕಿರಿ ಅಳಿಯನ ಐದು ಬಣ್ಣ

ಬೀದಿ ಮೂಲೆಯ ಕಟಿಂಗ್ ಶಾಪಿನ ಕಿಟಕಿಯಲ್ಲಿರುವ ಗಿಡಗಳು ಪ್ಲಾಸ್ಟಿಕ್ಕಿನವು ಎಂದು ಇದನ್ನು ಬರೆಯುತ್ತಿರುವ ಮನುಷ್ಯ ಮೂರು ವರ್ಷ ಗಟ್ಟಿಯಾಗಿ ನಂಬಿದ್ದ. ನಂಬದೆ ಏನು ಮಾಡಬೇಕು? ಮಸಿ ಬಳಿದಂಥ ಎಲೆ. ಅದರ ಮೇಲೆ ತಲೆ ಎತ್ತಿ ನಿಂತ ಕಿರುಬೆರಳ ತುದಿಯಷ್ಟು ಕಾಯಿಗಳು, ಒಂದು ನೇರಳೆ, ಪಕ್ಕದ್ದು ಕಿತ್ತಳೆ, ಅದರ ಪಕ್ಕದ್ದು ಕೆನೆಬಣ್ಣ. ಮೆಣಸಿನಕಾಯಿ ಅಂದಮೇಲೆ ಹಸಿರಾಗಿರಬೇಕು, ಹಣ್ಣಾದರೆ ಕೆಂಪಾಗಬೇಕು, ನೆಲ ನೋಡಿಕೊಂಡು ತೂಗಾಡಬೇಕು. ಅಷ್ಟು ಲೋಕಜ್ಞಾನ ಯಾರಿಗಿಲ್ಲ? ಹಾಗಾಗಿ ಕಟಿಂಗ್ ಮಾಡುವ ಆಸಾಮಿ ಗಿರಾಕಿಯ ತಲೆಗೆ ನೀರು ಚಿಮುಕಿಸಿ, ಅದೇ ಬಾಟಲಿಯಿಂದ ಆ ಗಿಡಗಳಿಗೂ ಎರಡು ಸಲ ಚಿಮುಕಿಸಿದಾಗ, ಪಾಪ, ಎಲ್ಲೋ ಒಂದು ಸ್ಕ್ರೂ ಸಡಿಲ ಇರಬೇಕು ಅನ್ನಿಸುತ್ತಿತ್ತು.

ಒಂದು ದಿನ ಸರದಿಗಾಗಿ ಕಾದು ಕಾದು ಬೇಸತ್ತು, ಈ ಪ್ಲಾಸ್ಟಿಕ್ ಎಂಥ ದರ್ಜೆಯದು ನೋಡೋಣ ಎಂದು ಒಂದು ನೇರಳೆ ಕಾಯಿ ಕಿತ್ತು ಹಲ್ಲಿನಲ್ಲಿ ಕಚ್ಚಿದ್ದಾಯಿತು. ಪ್ಲಾಸ್ಟಿಕ್ ಅಲ್ಲ ಎಂಬ ಸುದ್ದಿ ಮೊದಲು ನಾಲಿಗೆಗೆ ಮುಟ್ಟಿತು, ಆಮೇಲೆ ಕಿವಿಗೆ, ಕೊನೆಗೆ ನಡುನೆತ್ತಿಗೆ. ಕಟಿಂಗ್‌ನವನು ಕತ್ತರಿ ಕೆಳಗಿಟ್ಟು, ಒಳಗಿನಿಂದ ಒಂದು ಚಮಚ ಸಕ್ಕರೆ ತಂದು ಬಾಯಿಗೆ ಸುರಿದು, ಮತ್ತೆ ಹೋಗಿ ಅರ್ಧಕ್ಕೆ ನಿಂತಿದ್ದ ತಲೆಯನ್ನು ಎತ್ತಿಕೊಂಡ. ಒಂದು ಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಸರಿ, ಬರೆಯುವವನ ಪಾತ್ರ ಅಲ್ಲಿಗೆ ಮುಗಿಯಿತು. ಅವನು ಸಕ್ಕರೆ ಚೀಪುತ್ತ ಬೆಂಚಿನ ಮೇಲೆ ಕೂತಿರಲಿ. ಕಥೆ ಆ ಕತ್ತರಿಯವನದು.

ಅವನನ್ನು ಎಲ್ಲರೂ ಮೌನಪ್ಪ ಎಂದೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಗೋಡೆಯ ಮೇಲಿನ ಲೈಸೆನ್ಸಿಗೂ ಅವನ ಹೆಂಡತಿಗೂ ಮಾತ್ರ ಗೊತ್ತು. ಕಟಿಂಗ್ ಶಾಪಿನವರು ಮಾತುಗಾರರು ಎಂಬುದು ಲೋಕಾರೂಢಿ. ಈ ಶಾಪಿನಲ್ಲಿ ಅದು ತಿರುಗುಮುರುಗು. ಇಲ್ಲಿ ಕುರ್ಚಿಯಲ್ಲಿ ಕೂತವರು ಮಾತಾಡುತ್ತಾರೆ, ಹಿಂದೆ ನಿಂತವನು 'ಹೂಂ' ಎನ್ನುತ್ತಾನೆ. ಸೊಸೆಯ ದೂರು, ಮಂಡಿನೋವು, ಕೋರ್ಟು ಕೇಸು, ಜಗತ್ತಿನ ರಾಜಕೀಯ ಎಲ್ಲಕ್ಕೂ ಒಂದೇ 'ಹೂಂ'. ಅದರಲ್ಲೇ ಗಿರಾಕಿಗಳು ತಮಗೆ ಬೇಕಾದ ಅರ್ಥ ಹುಡುಕಿಕೊಂಡು, "ಮೌನಪ್ಪನೂ ಒಪ್ಪಿದ" ಎಂದು ಮನೆಯಲ್ಲಿ ಹೇಳುತ್ತಾರೆ. ಸಂಜೆ ಬಾಗಿಲು ಎಳೆಯುವ ಹೊತ್ತಿಗೆ ಅವನ ಕಿವಿ ತುಂಬಿ ತುಳುಕುತ್ತಿರುತ್ತದೆ.

ಶಾಪಿನ ಹಿಂದೆಯೇ ಮನೆ. ನಡುವಿನ ಬಾಗಿಲಲ್ಲಿ ಒಂದು ಬೆತ್ತದ ಮೋಡಾ ಹಾಕಿಕೊಂಡು ಅತ್ತೆ ಕೂತಿರುತ್ತಾರೆ. ಆ ಶಾಪು ಮೊದಲು ಅವರ ಗಂಡನದು. ಆತ ಎಷ್ಟು ಮಾತುಗಾರ ಅಂದರೆ ಒಂದು ಕಟಿಂಗ್ ಮುಗಿಯುವಷ್ಟರಲ್ಲಿ ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತಿತ್ತಂತೆ. ಗಂಡನಿಂದ ಅಳಿಯನಿಗೆ ಶಾಪು ಬಂತು, ಮಾತು ಮಾತ್ರ ಅತ್ತೆಯ ಪಾಲಿಗೆ ಉಳಿಯಿತು. ಹೆಂಡತಿ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಪರದೆ, ದಿಂಬಿನ ಕವರು ಹೊಲಿಯುತ್ತಾಳೆ. ಮಿಷನ್ನಿನ ಸದ್ದಿನಲ್ಲಿ ಅಮ್ಮನ ಮಾತು ಕೇಳಿಸುವುದಿಲ್ಲ ಎಂಬುದು ಅವಳಿಗೆ ಅನುಕೂಲ.

ಮೆಣಸಿನ ಗಿಡ ಈ ಮನೆಗೆ ಬಂದದ್ದು ಕೂದಲಿನ ಜೊತೆ. ಏಳು ವರ್ಷದ ಹಿಂದೆ ಯಾವುದೋ ದೊಡ್ಡ ಹೋಟೆಲಿನ ತೋಟದ ಮಾಲಿ ಕಟಿಂಗ್ ಮಾಡಿಸಿಕೊಂಡು ಎದ್ದು ಹೋದ. ಮೌನಪ್ಪ ಕಸ ಗುಡಿಸುವಾಗ ನರೆಗೂದಲ ರಾಶಿಯಲ್ಲಿ ಒಣಗಿ ಸುಕ್ಕಾದ ಮಣಿಯಂಥದು ಸಿಕ್ಕಿತು. ಮಾಲಿಯ ಪ್ಯಾಂಟಿನ ಮಡಿಕೆಯಿಂದ ಬಿದ್ದಿರಬೇಕು. ಉಗುರಿನಿಂದ ಬಿಡಿಸಿದ, ಒಳಗೆ ಏಳು ಬೀಜ. ಶೇವಿಂಗ್ ಮಗ್ಗಿನಲ್ಲಿ ಮಣ್ಣು ಹಾಕಿ ಊರಿದ, ನಾಲ್ಕು ಮೊಳೆತವು. ಎರಡು ಸತ್ತವು. ಉಳಿದ ಎರಡರಲ್ಲಿ ಒಂದಕ್ಕೆ ಕಪ್ಪು ಎಲೆ, ನೇರಳೆ ಕಾಯಿ. ಇನ್ನೊಂದಕ್ಕೆ ಬಿಳಿ ಚುಕ್ಕೆಯ ಎಲೆ, ಕೆನೆಬಣ್ಣದ ಕಾಯಿ. ನೇರಳೆ ಒಂದು ವಾರದಲ್ಲಿ ಕಿತ್ತಳೆಯಾಯಿತು, ಮತ್ತೊಂದು ವಾರಕ್ಕೆ ಕೆಂಪಾಯಿತು. ದಿನಾ ಬೆಳಿಗ್ಗೆ ಶಟರ್ ಎತ್ತಿದಾಗ ಬೇರೆಯೇ ಬಣ್ಣ. ಜಗತ್ತಿನಲ್ಲಿ ಯಾವ ಗಿರಾಕಿಯೂ ಅವನಿಗೆ ಇಷ್ಟು ಹೊಸ ಸುದ್ದಿ ತಂದಿರಲಿಲ್ಲ.

ಅಲ್ಲಿಂದ ಹಿಡಿಯಿತು ನೋಡಿ. ಈ ಎರಡನ್ನೂ ಕೂಡಿಸಿ, ಚುಕ್ಕೆ ಎಲೆಯ ಒಂದೇ ಗಿಡದಲ್ಲಿ ಒಂದೇ ಹೊತ್ತಿಗೆ ಕೆನೆ, ನೇರಳೆ, ಹಳದಿ, ಕಿತ್ತಳೆ, ಕೆಂಪು, ಐದೂ ಬಣ್ಣ ಕಾಣಬೇಕು ಎಂಬುದು ಅವನ ಪಟ್ಟು. ಅದಕ್ಕೆ ಬೇಕಾದ ಸಾಮಾನನ್ನೆಲ್ಲ ದೇವರು ಮೊದಲೇ ಅವನ ಕೈಗೆ ಕೊಟ್ಟಿದ್ದ. ಹುಬ್ಬಿನ ಕೂದಲು ಕೀಳುವ ಚಿಮಟದಿಂದ ಅರಳುವ ಮುಂಚಿನ ಮೊಗ್ಗನ್ನು ಬಿಡಿಸಿ ಪರಾಗದ ಎಳೆಗಳನ್ನು ತೆಗೆಯುವುದು. ಕಿವಿಯ ಹಿಂದಿನ ತುಂಡುಗೂದಲು ಒರೆಸುವ ಮೆತ್ತನೆ ಬ್ರಷ್ಷಿನಿಂದ ಇನ್ನೊಂದು ಗಿಡದ ಪರಾಗ ಸವರುವುದು. ಹೆಂಡತಿ ಪರದೆ ಬಟ್ಟೆಯ ತುಂಡಿನಲ್ಲಿ ಹೆಬ್ಬೆರಳಿಗಿಂತ ಚಿಕ್ಕ ಚೀಲ ಹೊಲಿದುಕೊಟ್ಟಳು. ಜೇನುನೊಣ ಬಂದು ಸಂಬಂಧ ಕೆಡಿಸದ ಹಾಗೆ ಹೂವಿಗೆ ಆ ಮುಸುಕು. ಎಳೆ ಗಿಡದ ತುದಿಯನ್ನು ಕತ್ತರಿಯಿಂದ ಚಕ್ಕನೆ ಹಾರಿಸಿದರೆ ಪಕ್ಕದಿಂದ ನಾಲ್ಕು ಕವಲು ಒಡೆಯುತ್ತದೆ. ತಲೆಗೂದಲ ವಿಷಯದಲ್ಲಿ ಇದೇ ಮಾತನ್ನು ಎಷ್ಟೋ ಬೋಳಾಗುತ್ತಿರುವ ಗಿರಾಕಿಗಳು ನಂಬಿಕೊಂಡು ಬರುತ್ತಾರೆ. ಗಿಡದಲ್ಲಿ ಮಾತ್ರ ಅದು ನಿಜ.

ಶಾಪಿನಲ್ಲಿ ಎರಡು ತಿರುಗು ಕುರ್ಚಿ. ಎರಡನೆಯದು ಗಿಡದ್ದು. ಬಿಸಿಲು ಸರಿದ ಹಾಗೆ ಗಂಟೆಗೊಮ್ಮೆ ಕಾಲಿನಿಂದ ಒಂದು ತಳ್ಳು. ಗಿಡ ಎಲ್ಲ ಪಕ್ಕಕ್ಕೂ ಒಂದೇ ಸಮ ಬಿಸಿಲು ಕಾಯುತ್ತದೆ. ಮಧ್ಯಾಹ್ನ ಬಿಸಿಲು ಜಾಸ್ತಿಯಾದರೆ ಮಕ್ಕಳಿಗೆ ಹೊದಿಸುವ ಪುಟ್ಟ ಬಟ್ಟೆ ಅದರ ಕುತ್ತಿಗೆಗೆ. ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರೂ ಆ ಕುರ್ಚಿ ಯಾರಿಗೂ ಇಲ್ಲ.

"ಅದು ಖಾಲಿ ಇದೆಯಲ್ಲಪ್ಪ" ಎಂದು ಯಾರಾದರೂ ಹೊಸಬರು ಕೇಳಿದರೆ ಮೌನಪ್ಪ "ಇಲ್ಲ" ಎನ್ನುತ್ತಾನೆ.

ಬಾಗಿಲಿನಿಂದ ಅತ್ತೆ ವಿವರಣೆ ಸೇರಿಸುತ್ತಾರೆ. "ಅಲ್ಲಿ ನಮ್ಮ ಕಿರಿ ಅಳಿಯಂದಿರು ಕೂತಿದ್ದಾರೆ, ಕಾಣಿಸ್ತಿಲ್ವಾ? ಹಿರಿ ಅಳಿಯಂದಿರು ಊಟ ಬಿಟ್ಟಾದ್ರೂ ಅವರಿಗೆ ನೀರು ಕೊಡ್ತಾರೆ. ಇಬ್ಬರೂ ಮಾತಾಡಲ್ಲ. ಒಬ್ಬರ ಮುಖದಲ್ಲಾದ್ರೂ ಬಣ್ಣ ಇದೆ."

ಕೂಡಿಸಿದ ಮೊದಲ ವರ್ಷ ಎಲ್ಲ ಗಿಡಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ನೇರಳೆ. ಮೌನಪ್ಪನ ಮುಖ ಒಂದು ತಿಂಗಳು ಇಳಿದಿತ್ತು. ಆದರೆ ಅವುಗಳ ಬೀಜ ಬಿತ್ತಿದ ಮುಂದಿನ ವರ್ಷ ಬಣ್ಣದ ಸಂತೆಯೇ ನೆರೆಯಿತು. ಅವುಗಳಲ್ಲಿ ಒಳ್ಳೆಯದೊಂದನ್ನು ಆರಿಸುವುದು, ಅದರ ಕಾಯಿಗೆ ಬಿಳಿ ದಾರ ಕಟ್ಟುವುದು, ಬೀಜ ಇಡುವುದು, ಮತ್ತೆ ಬಿತ್ತುವುದು. ಆರಿಸದೆ ಉಳಿದವುಗಳ ಕಾಯಿಗಳನ್ನು ಹೆಂಡತಿ ಗಾಜಿನ ಬಾಟಲಿಗಳಲ್ಲಿ ಬಣ್ಣದ ಮೇಲೆ ಬಣ್ಣ ಪೇರಿಸಿ ವಿನೆಗರ್ ತುಂಬಿಸಿಡುತ್ತಾಳೆ. ಆ ಬಾಟಲಿಯಿಂದ ಎರಡು ತೊಟ್ಟು ಸಾರಿಗೆ ಬಿದ್ದರೆ ಸಾಕು, ಮನೆಗೆ ಬಂದ ನೆಂಟರು ಹೆಚ್ಚು ದಿನ ನಿಲ್ಲುವುದಿಲ್ಲ. ಹೀಗೆ ವರ್ಷ ವರ್ಷ ಸೋಸಿ ಸೋಸಿ, ಕಳೆದ ವರ್ಷ ಒಂದು ಗಿಡದಲ್ಲಿ ಐದೂ ಬಣ್ಣ ಒಟ್ಟಿಗೆ ಬಂದವು. ಐದೂ ಒಟ್ಟಿಗೆ ಇರುವುದು ನಾಲ್ಕೇ ದಿನ. ಆಮೇಲೆ ಒಂದೊಂದಾಗಿ ಎಲ್ಲ ಕೆಂಪಿಗೆ ತಿರುಗುತ್ತವೆ. ಆ ನಾಲ್ಕು ದಿನದಲ್ಲಿ ಒಂದು ಭಾನುವಾರ ಬಡಾವಣೆಯ ಗಿಡಗಳ ಪ್ರದರ್ಶನ ಬಿದ್ದಿತ್ತು. ಮೌನಪ್ಪ ಕುಂಡವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಹೂವಿನ ಟೇಬಲ್ಲಿನವರು, "ಇದು ತರಕಾರಿ, ಆ ಕಡೆ" ಎಂದರು. ತರಕಾರಿ ಟೇಬಲ್ಲಿನವರು, "ಇದು ಶೋಕಿಗೆ ಇಡೋದು, ತಿನ್ನೋದಲ್ಲ, ಆ ಕಡೆ" ಎಂದರು. ಮೂರು ಸಲ ಆ ಕಡೆ ಈ ಕಡೆ ಆಯಿತು. ಬಾಯಿ ಇದ್ದವನಾಗಿದ್ದರೆ ಜಗಳವಾಡಿ ಒಂದು ಮೂಲೆ ಹಿಡಿಯುತ್ತಿದ್ದ. ಮೌನಪ್ಪ ಎರಡೂ ಕಡೆ 'ಹೂಂ' ಎಂದು ಕುಂಡ ಹೊತ್ತುಕೊಂಡು ವಾಪಸು ಬಂದ.

"ಹೂವೂ ಅಲ್ಲ, ಕಾಯೂ ಅಲ್ಲ" ಎಂದರು ಅತ್ತೆ. ಅಳಿಯ ಎರಡನೆಯ ಕುರ್ಚಿಯ ಮೇಲೆ ಕುಂಡ ಇಟ್ಟು, ಅದರ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದ. ಆ ರಾತ್ರಿ ಅವನನ್ನು ಊಟಕ್ಕೆ ಅತ್ತೆಯೇ ಎರಡು ಸಲ ಕರೆದರು. ಅದು ಆ ಮನೆಯಲ್ಲಿ ಅಪರೂಪ.

ಈ ವರ್ಷ ಅದೇ ಗಿಡದ ಬೀಜದಿಂದ ಬಂದದ್ದು ಇನ್ನೂ ಚೆಂದ. ಎಲೆ ಎಲೆಗೂ ಹಾಲು ಸಿಡಿದ ಹಾಗೆ ಚುಕ್ಕೆ, ಗೊಂಚಲು ಗೊಂಚಲು ಕಾಯಿ. ಮೌನಪ್ಪ ಹೂವಾದ ದಿನದಿಂದ ಬೆರಳು ಮಡಚಿ ಲೆಕ್ಕ ಹಾಕಿ, ತಂಪಾದರೆ ಒಳಗೆ, ಬಿಸಿಲಾದರೆ ಹೊರಗೆ ಎತ್ತಿಟ್ಟು, ಐದು ಬಣ್ಣದ ನಾಲ್ಕು ದಿನವನ್ನು ಪ್ರದರ್ಶನದ ಭಾನುವಾರಕ್ಕೆ ಸರಿಯಾಗಿ ತಂದು ನಿಲ್ಲಿಸಿದ್ದ. ಬುಧವಾರ ಮೊದಲ ಕಾಯಿ ಕೆಂಪಾಯಿತು. ಗುರುವಾರ ಐದೂ ಬಣ್ಣ. ಅವತ್ತಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಬ್ಬ ಗಿರಾಕಿಗೆ ಒಂದೇ ಕಡೆ ಮೀಸೆ ಟ್ರಿಮ್ ಮಾಡಿ ಕಳಿಸಿದ. ಅವರು ಬಾಗಿಲ ತನಕ ಹೋಗಿ ವಾಪಸು ಬಂದರು. ಈಗ ಉಳಿದಿದ್ದು ಒಂದೇ, ಆ ಗಿಡಕ್ಕೆ ಯಾವುದಾದರೂ ಒಂದು ಟೇಬಲ್ಲಿನ ಮೇಲೆ ಒಂದೂವರೆ ಅಡಿ ಜಾಗ. ಅದನ್ನು ಕೊಡುವುದು ಅಧ್ಯಕ್ಷರ ಕೈಯಲ್ಲಿತ್ತು.

ಅಧ್ಯಕ್ಷರು ಅಂದರೆ ಸಸ್ಯಪ್ರಿಯರ ಸಂಘದ ಅಧ್ಯಕ್ಷರು. ಬಡಾವಣೆ ನಿವಾಸಿಗಳ ಸಂಘಕ್ಕೂ, ಬೆಳಗಿನ ನಡಿಗೆಯವರ ಸಂಘಕ್ಕೂ ಅವರೇ. ಗಂಟಲು ಸರಿಮಾಡಿಕೊಳ್ಳದೆ ಅವರು ಗಂಟೆ ಎಷ್ಟು ಅಂತಲೂ ಹೇಳುವುದಿಲ್ಲ. ಮೈಕಿಲ್ಲದ ಕಡೆ ಮುಷ್ಟಿಯನ್ನೇ ಮೈಕಿನಂತೆ ಮುಂದೆ ಹಿಡಿದುಕೊಳ್ಳುತ್ತಾರೆ. ಅವರು ತಿಂಗಳಿಗೆ ಎರಡು ಸಲ ಮೌನಪ್ಪನ ಕುರ್ಚಿಯಲ್ಲಿ ಕೂರುವವರು. ಪ್ರದರ್ಶನದ ಹಿಂದಿನ ಶನಿವಾರ ಬೆಳಿಗ್ಗೆ ಬಂದೇ ಬರುತ್ತಾರೆ, ವೇದಿಕೆ ಮೇಲೆ ಗಡ್ಡ ಇರಬಾರದಲ್ಲ.

"ಈ ಸಲ ಬಾಯಿ ಬಿಟ್ಟು ಕೇಳಿ" ಎಂದು ಹೆಂಡತಿ ವಾರದಿಂದ ಹೇಳಿಕೊಡುತ್ತಿದ್ದಳು. "ಒಂದೇ ಒಂದು ಮಾತು ರೀ. ಸಾರ್, ನಮ್ಮ ಗಿಡಕ್ಕೆ ಒಂದು ಜಾಗ ಕೊಡಿ ಅಂತ. ಎಲ್ಲಿ, ಈಗ ಹೇಳಿ ನೋಡೋಣ."

"ಹೂಂ."

"ಹೂಂ ಅಲ್ಲ. ಹೇಳಿ."

ಮೌನಪ್ಪ ಕನ್ನಡಿಯ ಮುಂದೆ ನಿಂತು ಆ ಒಂದು ವಾಕ್ಯವನ್ನು ನಾಟಕದವರ ಹಾಗೆ ಬಾಯಿಪಾಠ ಮಾಡಿದ. ಕನ್ನಡಿಯಲ್ಲಿದ್ದವನು ಪ್ರತಿ ಸಲವೂ ಅರ್ಧದಲ್ಲಿ ತಲೆ ತಗ್ಗಿಸುತ್ತಿದ್ದ.

ಶನಿವಾರ ಬೆಳಿಗ್ಗೆ ಮನೆಯೆಲ್ಲ ಗಡಿಬಿಡಿ. ನೋಡಿದವರು ಬೀಜ ಕೇಳಿಯೇ ಕೇಳುತ್ತಾರೆ ಎಂದು ಹೆಂಡತಿ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಪೊಟ್ಟಣ ಮಡಚುತ್ತಿದ್ದಳು. ಕಳೆದ ಸಲ ಟೇಬಲ್ಲಿಗೇ ಬಿಡಲಿಲ್ಲ, ಈ ಸಲ ಪೊಟ್ಟಣದ ತನಕ ಹೋಗಿತ್ತು ಅವರ ಉತ್ಸಾಹ. ಮೌನಪ್ಪ ಒಡಹುಟ್ಟಿದ ಇನ್ನೊಂದು ಗಿಡದ ಕೆಂಪು ಹಣ್ಣುಗಳನ್ನು ಸೀಳಿ ಬೀಜ ತೆಗೆಯುತ್ತಿದ್ದ. ಕೂದಲಿಗೆ ಬಣ್ಣ ಹಚ್ಚುವ ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡೇ ಆ ಕೆಲಸ ಮಾಡುವುದು ಅವನ ಪದ್ಧತಿ. ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಅವತ್ತು ತಪ್ಪಿತು. ಅರವತ್ತು ಹಣ್ಣು, ಬರಿಗೈ. ಕತ್ತರಿ ಹಿಡಿದು ಹಿಡಿದು ದಡ್ಡುಗಟ್ಟಿದ ಬೆರಳಿಗೆ ಏನೂ ಗೊತ್ತಾಗಲಿಲ್ಲ. ಸೋಪು ಹಾಕಿ ಚೆನ್ನಾಗಿ ಕೈ ತೊಳೆದುಕೊಂಡ. ಸೋಪಿಗೆ ಹೆದರಿ ಓಡುವ ಖಾರ ಅದಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಒಳಗೆ ಬಂದರು. ಕೂತರು. ಬಟ್ಟೆ ಹೊದಿಸಿದ್ದಾಯಿತು, ಕಟಿಂಗ್ ಆಯಿತು, ನೊರೆ ಹಚ್ಚಿದ್ದಾಯಿತು. ನೊರೆ ಇದ್ದಾಗ ಅಧ್ಯಕ್ಷರು ಬಾಯಿ ತೆರೆಯುವಂತಿರಲಿಲ್ಲ. ಇದೇ ಸಮಯ ಎಂದು ಒಳಬಾಗಿಲಿನಿಂದ ಹೆಂಡತಿ ಕಣ್ಣಲ್ಲೇ ತಿವಿದಳು. ಮೌನಪ್ಪನಿಗೆ ಬಾಯಿ ಬರುವಷ್ಟರಲ್ಲಿ ನೊರೆಯೆಲ್ಲ ಕತ್ತಿಗೆ ಬಂದಿತ್ತು. ಕ್ಷೌರದ ಕತ್ತಿಯನ್ನು ಒರೆಸಿ ಪಕ್ಕಕ್ಕಿಟ್ಟು, ಶೇವಿಂಗ್ ಮುಗಿದ ಕೆನ್ನೆಗೆ ಎರಡೂ ಅಂಗೈ ಒತ್ತಿ, ಎಂದಿನಂತೆ ಉಜ್ಜುತ್ತ, ಅಷ್ಟೂ ಅಕ್ಷರ ಒಂದೇ ಉಸಿರಿಗೆ ಹೇಳಿಬಿಟ್ಟ.

"ಸಾರ್ ನಮ್ಮ ಗಿಡಕ್ಕೆ ನಾಳೆ ಒಂದು ಜಾಗ ಕೊಡಿ."

ಅಧ್ಯಕ್ಷರು ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿದರು, ಈ ಮಾತು ಯಾರಿಂದ ಬಂತೆಂದು.

"ಓ, ನೀನಾ" ಎಂದರು. "ನೋಡಪ್ಪ, ನನಗೆ ವೈಯಕ್ತಿಕವಾಗಿ ಏನೂ ಅಭ್ಯಂತರ ಇಲ್ಲ. ಆದರೆ ನಿಯಮ ಅಂತ ಒಂದಿದೆ. ಹೂವಿನ ಟೇಬಲ್ಲಿಗೆ ದಳ ಇರಬೇಕು. ತರಕಾರಿ ಟೇಬಲ್ಲಿಗೆ ರುಚಿ ಇರಬೇಕು. ನಿನ್ನ ಗಿಡದ್ದು ಬರೀ ಬಣ್ಣ. ಮೆಣಸಿನಕಾಯಿ ಅಂದ್ಮೇಲೆ ಖಾರ ಬೇಕಪ್ಪ. ಇಂಥ ಶೋಕಿ ಕಾಯಿಗೆ ಖಾರಾನೇ ಇರಲ್ಲ. ಇದನ್ನ ನಾನು ಎರಡು ಲೇಖನದಲ್ಲಿ ಬರೆದಿದ್ದೀನಿ. ಖಾರ ಇದ್ದಿದ್ರೆ ನಾನೇ ಖುದ್ದಾಗಿ ಕರೆದು..."

ಅಲ್ಲಿಗೆ ಅವರು ನಿಂತರು. ಮುಷ್ಟಿಯ ಮೈಕು ಕೆಳಗಿಳಿಯಿತು. ಕೆನ್ನೆಯ ಮೇಲೆ ಕೈ ಇಟ್ಟು ನೋಡಿಕೊಂಡರು. ಅದೇ ಕೈಯಿಂದ ಕಣ್ಣು ಉಜ್ಜಿಕೊಂಡರು, ಅದು ದೊಡ್ಡ ತಪ್ಪಾಯಿತು.

"ಏನಪ್ಪಾ ಇದು, ಹೊಸ ಲೋಷನ್ನಾ?"

ಮೌನಪ್ಪ ತನ್ನ ಅಂಗೈ ನೋಡಿಕೊಂಡ. ಒಳಗೆ ಮೇಜಿನ ಮೇಲೆ ಮಡಚಿಟ್ಟ ಹಾಗೇ ಇದ್ದ ಗ್ಲೌಸು ಕಾಣಿಸಿತು. ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಅಧ್ಯಕ್ಷರು ಕುರ್ಚಿಯಿಂದ ಎದ್ದದ್ದು, ಕೂತದ್ದು, ಮತ್ತೆ ಎದ್ದದ್ದು ಕಿಟಕಿಯ ಗಾಜಿನಲ್ಲಿ ಇಡೀ ಬೀದಿಗೆ ಕಂಡಿತು. ನಲ್ಲಿಯ ಕೆಳಗೆ ತಲೆ ಒಡ್ಡಿದರು. ನೀರು ಬಿದ್ದಷ್ಟೂ ಉರಿ ಹರಡಿತು. ಆಗ ಬಾಗಿಲ ಮೋಡಾದಿಂದ ಅತ್ತೆ ಎದ್ದರು. ಅವರು ಹಾಗೆ ತಾವಾಗಿ ಎದ್ದು ಎಷ್ಟೋ ವರ್ಷವಾಗಿತ್ತು. ಅಡುಗೆಮನೆಯಿಂದ ಗಟ್ಟಿ ಮೊಸರಿನ ಪಾತ್ರೆ ತಂದು, ಅಧ್ಯಕ್ಷರ ಭುಜ ಹಿಡಿದು ಕೂರಿಸಿ, ಗೋಡೆಗೆ ಸುಣ್ಣ ಬಳಿದ ಹಾಗೆ ಹಣೆಯಿಂದ ಗಲ್ಲದವರೆಗೆ ಬಳಿದರು.

"ಅಲ್ಲಾಡಬೇಡ. ನಿನ್ನ ಮೊದಲ ಕಟಿಂಗ್ ನಮ್ಮೆಜಮಾನ್ರೇ ಮಾಡಿದ್ದು, ಇದೇ ಕುರ್ಚಿ. ಆಗಲೂ ಹಿಂಗೇ ಕಿರುಚಿದ್ದೆ. ಒಂದು ಪೆಪ್ಪರ್‌ಮೆಂಟಿಗೆ ಸುಮ್ಮನಾದೆ."

ಮೊಸರಿನ ಒಳಗಿಂದ ಅಧ್ಯಕ್ಷರು ಏನೋ ಅಂದರು.

"ಏನಂದೆ? ಖಾರ ಇದೆಯಾ?"

"ಇದೆ ಅಮ್ಮಾ, ಇದೆ."

"ಹಂಗಾದ್ರೆ ತರಕಾರಿ" ಎಂದರು ಅತ್ತೆ, ಪಾತ್ರೆ ಕೆಳಗಿಡುತ್ತ.

ಕಾಲು ಗಂಟೆಯಾದ ಮೇಲೆ ಅಧ್ಯಕ್ಷರು ಮುಖ ಒರೆಸಿಕೊಂಡು ಹೊರಟುಹೋದರು. ವಂದನಾರ್ಪಣೆ ಇಲ್ಲದೆ ಅವರು ಒಂದು ಜಾಗ ಬಿಟ್ಟು ಹೋದದ್ದನ್ನು ಆ ಬೀದಿ ಅದೇ ಮೊದಲ ಸಲ ಕಂಡದ್ದು. ಮೌನಪ್ಪ ಎರಡನೆಯ ಕುರ್ಚಿಯ ಪಕ್ಕ ಕುಕ್ಕರಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವನದು ಅದಕ್ಕಿಂತ ಕಡೆ. ತುತ್ತನ್ನು ತಾನೇ ಕೈಯಾರೆ ಎರಚಿದ್ದ. ಏಳು ವರ್ಷದಲ್ಲಿ ಆಡಿದ ಒಂದೇ ಒಂದು ಉದ್ದನೆಯ ಮಾತು, ಅದೂ ಖಾರವಾಗಿ ಹೋಯಿತು.

"ನಾಳೆ ಬೇಡ" ಎಂದ.

"ಬೇಡ ಅಂದ್ರೆ?" ಹೆಂಡತಿ ಮಿಷನ್ ನಿಲ್ಲಿಸಿ ಬಂದಳು. "ಅದು ಸೋಮವಾರದ ಹೊತ್ತಿಗೆ ಕೆಂಪಾಗಿ ಹೋಗುತ್ತೆ. ನೀವು ಬರದಿದ್ರೆ ನಾನು ಹೊತ್ಕೊಂಡು ಹೋಗ್ತೀನಿ. ಎಪ್ಪತ್ತು ಚೀಲ ಹೊಲಿದವಳು ನಾನು. ಮುಖ ಮುಚ್ಕೊಂಡು ಕೂರೋಕಲ್ಲ ಹೊಲಿದಿದ್ದು."

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಒಂದು ಸಣ್ಣ ಮೆರವಣಿಗೆ ಹೊರಟಿತು. ಮುಂದೆ ಮೌನಪ್ಪ, ಎರಡೂ ಕೈಯಲ್ಲಿ ಕುಂಡ, ಗಿಡಕ್ಕೆ ಮಕ್ಕಳ ಕಟಿಂಗ್ ಬಟ್ಟೆ. ಪಕ್ಕದಲ್ಲಿ ಗಿಡಕ್ಕೆ ಛತ್ರಿ ಹಿಡಿದ ಹೆಂಡತಿ. ಹಿಂದೆ ಮೊಸರಿನ ಪಾತ್ರೆ ಹಿಡಿದ ಅತ್ತೆ.

"ಅದ್ಯಾಕಮ್ಮ ಮೊಸರು?"

"ಇರಲಿ. ದೊಡ್ಡ ಮನುಷ್ಯರು ಬರೋ ಜಾಗ."

ಸಭಾಂಗಣದ ಬಾಗಿಲಲ್ಲಿ ಹೂವಿನ ಟೇಬಲ್ಲಿನವರು ನೋಡಿದ ಕೂಡಲೇ "ಆ ಕಡೆ" ಎಂದರು. ತರಕಾರಿ ಟೇಬಲ್ಲಿನ ತೀರ್ಪುಗಾರರು ಈ ಸಲ ಹೊಸಬರು, ಶಾಲೆಯ ಕ್ಯಾಂಟೀನಿನ ಅಡುಗೆಯಮ್ಮ. ಇಪ್ಪತ್ತು ವರ್ಷದಿಂದ ದಿನಕ್ಕೆ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದ ಕೈ. ಅವರು ಬಾಯಿ ತೆರೆಯುವುದರೊಳಗೆ ಅವರ ಸಹಾಯಕ, "ಇದು ಶೋಕಿದು, ತಿನ್ನೋದಲ್ಲ, ಆ ಕಡೆ" ಎಂದ. ಮೌನಪ್ಪನ ಕೈ ಕುಂಡವನ್ನು ತಾನಾಗಿಯೇ ವಾಪಸು ತಿರುಗಿಸಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು.

ಅಧ್ಯಕ್ಷರು. ಮುಖ ಹಸುಗೂಸಿನ ಹಾಗೆ ನುಣ್ಣಗೆ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಬೆಳಿಗ್ಗೆಯಿಂದ ಕಂಡ ಕಂಡವರೆಲ್ಲ "ಏನ್ ಸಾರ್, ಹತ್ತು ವರ್ಷ ಕಡಿಮೆ ಕಾಣ್ತಿದ್ದೀರಿ" ಎಂದು ಹೇಳಿ ಹೇಳಿ, ಅವರು ಸ್ವತಃ ಕಾರಣ ಮರೆತು ಅದನ್ನು ನಂಬತೊಡಗಿದ್ದರು. ಮೌನಪ್ಪ ಕುಂಡದ ಹಿಂದೆ ಅಡಗಲು ನೋಡಿದ. ಗಿಡ ಒಂದಡಿ ಎತ್ತರ, ಅವನು ಐದೂಮುಕ್ಕಾಲು.

ಅಧ್ಯಕ್ಷರು ಮುಷ್ಟಿಯನ್ನು ಬಾಯಿಯ ಹತ್ತಿರ ತಂದರು.

"ಈ ಗಿಡದ ಖಾರದ ವಿಷಯದಲ್ಲಿ" ಎಂದರು, ಸುತ್ತ ಜನ ಸೇರುವ ತನಕ ತಡೆದು, "ಅಧ್ಯಕ್ಷನ ಜವಾಬ್ದಾರಿಯಿಂದ, ನಿನ್ನೆಯೇ, ನಾನು ಖುದ್ದಾಗಿ ಸ್ಥಳ ಪರಿಶೀಲನೆ ನಡೆಸಿದ್ದೇನೆ. ಇದು ನಿಸ್ಸಂದೇಹವಾಗಿ ತರಕಾರಿ."

"ಹೌದೌದು, ಮುಖಾಮುಖಿ ಪರಿಶೀಲನೆ" ಎಂದರು ಅತ್ತೆ. ಅಧ್ಯಕ್ಷರು ಮೊಸರಿನ ಪಾತ್ರೆ ನೋಡಿ ಮಾತು ಮೊಟಕು ಮಾಡಿದರು.

ಅಡುಗೆಯಮ್ಮ ಒಂದು ಹಳದಿ ಕಾಯಿ ಕಿತ್ತು, ತುದಿ ಕಚ್ಚಿ, ಮೇಲೆ ನೋಡುತ್ತ ಜಗಿದರು. ಎಲ್ಲರೂ ಅವರ ಗಂಟಲನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂತು. ಮುಖದಲ್ಲಿ ನಗು ಬಂತು.

"ಖಾರ ಇದೆ. ಹಿಂದಿಂದ ಹಣ್ಣಿನ ಘಮನೂ ಇದೆ" ಎಂದರು. "ಆದರೆ ಒಂದು ತಾಪತ್ರಯ. ನಮ್ಮ ಟೇಬಲ್ಲಲ್ಲಿ ಬಹುಮಾನ ತೂಕದ ಮೇಲೆ. ಆ ಕುಂಬಳಕಾಯಿ ನೋಡಿ, ಇಬ್ಬರು ಹೊತ್ತು ತಂದರು. ಇದನ್ನ ತಕ್ಕಡಿಗೆ ಹಾಕಿದ್ರೆ ಮುಳ್ಳು ಅಲ್ಲಾಡಲ್ಲ." ಸ್ವಲ್ಪ ಯೋಚಿಸಿದರು. ಆಮೇಲೆ ಮೂಲೆಯ ಟೀ ಲೋಟಗಳನ್ನು ಸರಿಸಿ ಆ ಪುಟ್ಟ ಟೇಬಲ್ಲನ್ನು ನಡುವಿಗೆ ಎಳೆದು, ಒಂದು ಖಾಲಿ ಕಾರ್ಡಿನ ಮೇಲೆ ಪೆನ್ನಿನಿಂದ ಬರೆದರು: 'ನೋಡುವುದಕ್ಕೂ ತಿನ್ನುವುದಕ್ಕೂ. ಮೊದಲ ಬಹುಮಾನ.'

"ಎರಡನೇ ಬಹುಮಾನ ಯಾರಿಗೆ?" ಎಂದ ಸಹಾಯಕ.

"ಇನ್ನೊಬ್ಬರು ತಂದಾಗ ನೋಡೋಣ."

"ಒಬ್ಬರೇ ಓಡಿದ್ರೆ ಯಾರಾದ್ರೂ ಮೊದಲೇ ಬರ್ತಾರೆ ಅಳಿಯಂದ್ರೇ" ಎಂದರು ಅತ್ತೆ. ಆದರೆ ಹಾಗೆನ್ನುತ್ತಲೇ ಗಿಡದ ಮೇಲಿನ ಬಟ್ಟೆಯನ್ನು ತೆಗೆದವರು ಅವರೇ. ಯಾರ ಕಣ್ಣಿಗೂ ಮರೆಯಾಗದ ಹಾಗೆ ಕುಂಡವನ್ನು ಅಂಗುಲ ಅಂಗುಲ ತಿರುಗಿಸಿ ನಿಲ್ಲಿಸಿದವರೂ ಅವರೇ.

ಬಟ್ಟೆ ಸರಿದದ್ದೇ ತಡ, ಜನ ಜೇನಿನ ಹಾಗೆ ಮುತ್ತಿದರು. ಚುಕ್ಕೆ ಎಲೆಯ ಮೇಲೆ ಐದೂ ಬಣ್ಣ ದೀಪ ಹಚ್ಚಿದ ಹಾಗೆ ನಿಂತಿದ್ದವು. ಗುಲಾಬಿ ಟೇಬಲ್ಲಿನವರು ಸಹ ಟೇಬಲ್ ಬಿಟ್ಟು ಬಂದರು. ಇವು ಬೇರೆ ಬೇರೆ ಜಾತಿಯೋ ಒಂದೇಯೋ? ಬಿಳಿಯದು ಎಷ್ಟು ದಿನಕ್ಕೆ ನೇರಳೆ ಆಗುತ್ತೆ? ಕಿಟಕಿಯಲ್ಲಿ ಬೆಳೆಯುತ್ತಾ? ಆಗ ಮೌನಪ್ಪ ಬಾಯಿ ತೆರೆದ. ಮೊದಲು ಒಂದು ಮಾತು, ಆಮೇಲೆ ನಾಲ್ಕು, ಆಮೇಲೆ ತಡೆಯಿಲ್ಲ. ಚಿಮಟ ಹಿಡಿಯುವ ಬಗೆ, ಬ್ರಷ್ಷಿನಿಂದ ಸವರುವ ಬಗೆ, ಮುಸುಕಿನ ಚೀಲ, ದಾರ, ತುದಿ ಕತ್ತರಿಸುವ ಸಮಯ. ಗಾಳಿಯಲ್ಲೇ ಬೆರಳಾಡಿಸಿ ತೋರಿಸುತ್ತ ಮುಕ್ಕಾಲು ಗಂಟೆ ಹೇಳಿದ. "ಬೀಜ ತೆಗೆಯುವಾಗ ಗ್ಲೌಸು ಹಾಕಿ" ಎಂಬ ಮಾತನ್ನು ಪ್ರತಿಯೊಬ್ಬರಿಗೂ ಎರಡೆರಡು ಸಲ. ಹೆಂಡತಿ ಪೊಟ್ಟಣ ಹಂಚುತ್ತ ಹಂಚುತ್ತ ಗಂಡನ ಬಾಯನ್ನೇ ನೋಡುತ್ತಿದ್ದಳು, ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ಅವನ ಧ್ವನಿ ಹೇಗಿದೆಯೆಂದು ಈಗ ಗೊತ್ತಾದವಳಂತೆ. ಅರವತ್ತು ಹಣ್ಣಿನ ಬೀಜ ಮಧ್ಯಾಹ್ನದ ಒಳಗೆ ಖಾಲಿ.

ಸೋಮವಾರ ಗಿಡ ಕೆಂಪಾಯಿತು. ಮೌನಪ್ಪನೂ 'ಹೂಂ'ಗೆ ವಾಪಸಾದ. ಆ ಕಾರ್ಡು ಈಗ ಲೈಸೆನ್ಸಿನ ಪಕ್ಕದಲ್ಲಿದೆ, ಲೈಸೆನ್ಸಿಗಿಂತ ಒಂದು ಗೇಣು ಮೇಲೆ. ಬೀದಿಯ ಎಷ್ಟೋ ಕಿಟಕಿಗಳಲ್ಲಿ ಶೇವಿಂಗ್ ಮಗ್ಗು, ಹಳೇ ಟೀ ಕಪ್ಪು, ಐಸ್‌ಕ್ರೀಮ್ ಡಬ್ಬಿ ಸಾಲಾಗಿ ಕೂತಿವೆ. ಎಲ್ಲೆಲ್ಲೂ ಎರಡೆಲೆಯ ಮೊಳಕೆ.

ಹದಿನೈದು ದಿನಕ್ಕೆ ಅಧ್ಯಕ್ಷರು ಬಂದರು. ಕೂರುವ ಮುಂಚೆ ಅವನ ಎರಡೂ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಮೂಸಿದರು.

"ಎಣ್ಣೆ ಹಚ್ಚಿ, ಆಮೇಲೆ ಸೋಪು ಹಾಕಿದ್ದೀನಿ ಸಾರ್."

ಸಮಾಧಾನವಾಗಿ ಕೂತರು. ಸಂಘದ ವಾರ್ಷಿಕ ಸಂಚಿಕೆಗೆ ಅವರು ಒಂದು ಲೇಖನ ಬರೆಯುತ್ತಿದ್ದರಂತೆ, 'ಸಸ್ಯ ಮತ್ತು ಮಾನವ: ಒಂದು ಸಂವಾದ' ಎಂದು. ಅದರ ಮೊದಲ ಭಾಗ ಹೇಳಿದರು. ಎರಡನೆಯ ಭಾಗ ಹೇಳಿದರು. ಮಧ್ಯೆ ಮಂಡಿನೋವಿನ ವಿಷಯ ಬಂತು, ಬೆಳಗಿನ ನಡಿಗೆಯವರೊಳಗಿನ ಗುಂಪುಗಾರಿಕೆ ಬಂತು, ಮತ್ತೆ ಲೇಖನಕ್ಕೆ ಬಂದರು. ಮೌನಪ್ಪ ಕತ್ತರಿಯಾಡಿಸುತ್ತ ಕಾಲಿನಿಂದ ಎರಡನೆಯ ಕುರ್ಚಿಗೆ ಒಂದು ತಳ್ಳು ಕೊಟ್ಟ. ಹೊಸ ಸಸಿ ಮೆಲ್ಲಗೆ ಬಿಸಿಲಿಗೆ ತಿರುಗಿತು.

ಅಧ್ಯಕ್ಷರು ಮುಷ್ಟಿಯನ್ನು ಅವನ ಬಾಯಿಯ ಹತ್ತಿರಕ್ಕೆ ಚಾಚಿದರು.

"ಗಿಡಗಳ ಜೊತೆ ಮಾತಾಡಿದ್ರೆ ಅವು ಚೆನ್ನಾಗಿ ಬೆಳೆಯುತ್ತವಂತಲ್ಲ. ಇಷ್ಟು ಬಣ್ಣ ಬರಬೇಕಾದ್ರೆ ನೀನು ಇವುಗಳ ಹತ್ತಿರ ದಿನಾ ಏನಪ್ಪಾ ಮಾತಾಡ್ತೀಯ?"

"ಏನೂ ಇಲ್ಲ ಸಾರ್" ಎಂದ ಮೌನಪ್ಪ. "ಅವು ಮಾತಾಡಲ್ಲ ಅಂತಲೇ ಸಾಕಿರೋದು. ತಲೆ ಬಗ್ಗಿಸಿ."